ಬಾಗಿದ ಬೆರಳುಗಳೂ ಸೂಜಿಯ ಮೊನೆಯೂ

ಕಳೆದ ಮೂರು ತಿಂಗಳುಗಳಿಂದ ನಮ್ಮ ಕಾರ್ಯಾಲಯಕ್ಕೆ ಬಂದು ಹೋದ ಮಿತ್ರರಲ್ಲಿಯೂ, ಮದುವೆ ಮುಂಜಿಗಳಲ್ಲಿ ಭೇಟಿಯಾದ ಊರವರಲ್ಲಿಯೂ ನನ್ನ ಬಲಗೈಯ ಪಟ್ಟಿಯನ್ನು ಕಂಡು ವಿಚಾರಿಸದವರಿಲ್ಲ. “ಬಿದ್ದಿರೋ?” ಎಂದು ಕೆಲವರು ಕೇಳಿದರು. “ಹಳೆಯ ಅಭ್ಯಾಸ ಬಿಡಲಾರದೆ ಮತ್ತೆ ಕಾವಲಿ ಮುಟ್ಟಿದಿರೋ ಮಾರಾಯರೇ?” ಎಂದು ಹೋಟೆಲು ಉದ್ಯಮದ ಬಂಧುಗಳು ಕೇಳಿದರು. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರ ಹೇಳಿ ನಾಲಗೆ ಸೋತಿದೆ. ಅಲ್ಲದೆ, ಹೇಳಿದ ಉತ್ತರಗಳಲ್ಲಿ ಅರ್ಧಾಂಶವು ಸತ್ಯವನ್ನು ಮರೆಮಾಡುವ ಉತ್ತರಗಳೇ ಆಗಿದ್ದುವು. ಆದುದರಿಂದ ಸಂಗತಿಯನ್ನು ಪತ್ರಿಕೆಯ ಮುಖಾಂತರವೇ ಯಥಾವತ್ತಾಗಿ ನಿವೇದಿಸುವುದು ಲೇಸೆಂದು ಬಗೆದಿದ್ದೇನೆ. ವಾಚಕರು ಇದನ್ನು ವೈದ್ಯಕೀಯ ಲೇಖನವೆಂದು ತಿಳಿಯಬಾರದು. ಎಸ್.ಎಸ್.ಎಲ್.ಸಿ.ಯ ಆಚೆಗೆ ಓದಿದವನು ನಾನಲ್ಲ. ಆದರೆ ಕೈ ನನ್ನದು. ಆ ಕೈಯ ವಿಷಯದಲ್ಲಿ ಡಾಕ್ಟರರು ಹೇಳಿದುದನ್ನು ಕೇಳಿ, ತಿಳಿಯದುದನ್ನು ಮತ್ತೆ ಮತ್ತೆ ಕೇಳಿ, ಅರ್ಥ ಮಾಡಿಕೊಂಡುದನ್ನಷ್ಟೇ ಬರೆಯುತ್ತೇನೆ.

ಮೊದಲು ಈ ಕೈಗಳ ಪೂರ್ವೋತ್ತರವನ್ನು ಹೇಳಬೇಕು. 1994ರಲ್ಲಿ, ಅಂಕಪಟ್ಟಿಯನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟುಕೊಂಡು, ಮಂಗಳೂರಿನಲ್ಲಿ ಮದ್ರಾಸ್ ಮೇಲ್ ಹತ್ತಿ ಈ ಪಟ್ಟಣಕ್ಕೆ ಬಂದೆ. ಆಗ ಇದು ಇನ್ನೂ ಮದ್ರಾಸು. ಎರಡು ವರ್ಷ ಕಳೆದು ಚೆನ್ನೈ ಆಯಿತು. ತಿರುವಲ್ಲಿಕ್ಕೇಣಿಯಲ್ಲಿ ನಮ್ಮ ಕಡೆಯವರದೇ ಒಂದು ಹೋಟೆಲಿನಲ್ಲಿ ಮೇಜು ಒರೆಸುವ ಕ್ಲೀನರಾಗಿ ಸೇರಿದೆ. ತರುವಾಯ ಹಿಟ್ಟಿನ ಕೋಣೆ, ತರುವಾಯ ಸಪ್ಲಾಯರ ಕೆಲಸ, ಕೊನೆಗೆ ಕಾವಲಿ. ನೀರು ತುಂಬಿದ ಲೋಟಗಳನ್ನು ಎರಡು ಕೈಗಳ ಬೆರಳುಗಳ ಸಂದಿನಲ್ಲಿ ಸಿಕ್ಕಿಸಿಕೊಂಡು ಒಂದು ತೊಟ್ಟೂ ಚೆಲ್ಲದೆ ಮೇಜಿನ ಮೇಲೆ ಇಳಿಸಬಲ್ಲವನೆಂಬ ಹೆಮ್ಮೆ ನನಗಿತ್ತು. ಕಡಂದಲೆಯ ಕೃಷ್ಣರಾಯರು ಇದೇ ಊರಿನ ಅಡುಗೆಮನೆಗಳಲ್ಲಿ ಕೈ ಸವೆಸಿ ಮೇಲೆ ಬಂದು, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದವರಲ್ಲವೇ? ನಮ್ಮ ಜನರಿಗೆ ಈ ಪಟ್ಟಣದಲ್ಲಿ ಬಂಡವಾಳವೆಂದರೆ ಹತ್ತು ಬೆರಳುಗಳೇ. ಹಾಗೆಯೇ ನಾನೂ ಹನ್ನೆರಡು ವರ್ಷ ದುಡಿದು ಸ್ವಂತದ ಹೋಟೆಲು ಮಾಡಿದೆ. ಅದನ್ನು ಈಗ ತಮ್ಮನು ನಡೆಸುತ್ತಿದ್ದಾನೆ. ನಾನು ಪತ್ರಿಕೆಗೆ ಬಂದೆ. ಬಂದ ಕಾರಣವನ್ನು ಇದುವರೆಗೆ “ಭಾಷಾಸೇವೆ” ಎಂದು ಸಭೆಗಳಲ್ಲಿ ಹೇಳಿದ್ದೇನೆ. ಅದು ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ.

ಏಳು ವರ್ಷಗಳ ಹಿಂದೆ ಬಲ ಅಂಗೈಯಲ್ಲಿ, ಉಂಗುರ ಬೆರಳಿನ ಬುಡದ ಕೆಳಗೆ, ಹೆಸರುಕಾಳಿನಷ್ಟು ಒಂದು ಗಂಟು ಕಾಣಿಸಿಕೊಂಡಿತು. ನೋವಿಲ್ಲ, ಉರಿಯಿಲ್ಲ. ಸೌಟು ಹಿಡಿದು ಹಿಡಿದು ಜಡ್ಡುಗಟ್ಟಿರಬೇಕೆಂದು ಸುಮ್ಮನಿದ್ದೆ. ಗಂಟಿನ ಪಕ್ಕದಲ್ಲಿ ಚರ್ಮವು ಗುಳಿ ಬಿದ್ದಂತಾಯಿತು. ಒಂದೆರಡು ವರ್ಷಗಳಲ್ಲಿ ಆ ಗಂಟಿನಿಂದ ಬೆರಳಿನ ಕಡೆಗೆ ಚರ್ಮದ ಅಡಿಯಲ್ಲಿ ಒಂದು ಹುರಿ ಎಳೆದಂತೆ ಗಟ್ಟಿಯಾದ ದಾರ ಮೂಡಿತು. ಆಮೇಲೆ ಬೆರಳು ಮೆಲ್ಲನೆ ಒಳಕ್ಕೆ ಬಾಗತೊಡಗಿತು. ಒಂದು ದಿನ ನೋಡುವಾಗ ಕಿರುಬೆರಳೂ ಅಣ್ಣನನ್ನು ಹಿಂಬಾಲಿಸಿದ ತಮ್ಮನಂತೆ ಬಾಗಿತ್ತು. ಮಡಚಲು ಬರುತ್ತಿತ್ತು, ಬಿಡಿಸಲು ಬರುತ್ತಿರಲಿಲ್ಲ. ಎಡಗೈಯಿಂದ ಹಿಡಿದು ಎಳೆದರೂ ಬಿಡಿಸಿಕೊಳ್ಳುತ್ತಿರಲಿಲ್ಲ.

ಎರಡು ಬೆರಳು ಬಾಗಿದರೆ ಏನು ಮಹಾ ಎಂದು ಕೇಳಬಹುದು. ನಮ್ಮ ದಿನಚರಿಯಲ್ಲಿ ಅಂಗೈಯನ್ನು ಚಪ್ಪಟೆಯಾಗಿ ಬಿಡಿಸಬೇಕಾದ ಪ್ರಸಂಗಗಳು ಎಷ್ಟಿವೆಯೆಂದು ಬೆರಳು ಬಾಗಿದ ಮೇಲೆಯೇ ತಿಳಿಯುವುದು. ಮುಖ ತೊಳೆಯಲು ಹೋದರೆ ಉಂಗುರ ಬೆರಳು ಕಣ್ಣಿಗೆ ತಿವಿಯುತ್ತದೆ. ಅಂಗಿಯ ಜೇಬಿಗೆ ಕೈ ಹೋಗುವುದಿಲ್ಲ. ಹೋದರೆ ಹೊರಗೆ ಬರುವುದಿಲ್ಲ. ಊಟದ ಎಲೆಯ ಮುಂದೆ ಕುಳಿತರೆ, ಕಲಸಿದ ಅನ್ನ ಬಾಗಿದ ಬೆರಳುಗಳ ಒಳಗೆ ಸೇರಿ, ಸಾರು ಮಣಿಕಟ್ಟಿಗೆ ಇಳಿಯುತ್ತದೆ. ಮಕ್ಕಳು ಉಂಡ ಹಾಗೆ. ಎಲ್ಲಕ್ಕಿಂತ ಹೆಚ್ಚಾಗಿ ಎರಡು ಕೈಗಳನ್ನು ಜೋಡಿಸಿ ನಮಸ್ಕಾರ ಮಾಡಲಾಗುವುದಿಲ್ಲ. ಅಂಗೈಗಳ ನಡುವೆ ಒಂದು ನಿಂಬೆಹಣ್ಣು ಇರಿಸಿಕೊಂಡವನಂತೆ ಕಾಣುತ್ತದೆ. ಹಿರಿಯರೊಬ್ಬರು, “ಏನಯ್ಯಾ, ಸಂಪಾದಕನಾದ ಮೇಲೆ ಅರ್ಧ ನಮಸ್ಕಾರವೋ?” ಎಂದು ನಗುತ್ತ ಕೇಳಿದ್ದುಂಟು.

ಗಲ್ಲಾದ ಮೇಲೆ ಕುಳಿತವನಿಗೆ ಈ ಬೆರಳುಗಳನ್ನು ಅಡಗಿಸುವ ಸ್ಥಳವಿಲ್ಲ. ಚಿಲ್ಲರೆ ಕೊಡುವಾಗ ಗಿರಾಕಿಗಳ ದೃಷ್ಟಿ ನಾಣ್ಯದ ಮೇಲಲ್ಲ, ಬೆರಳಿನ ಮೇಲೆ ಬೀಳುತ್ತದೆ. ಬಾಗಿದ ಉಂಗುರ ಬೆರಳು ಮತ್ತು ಕಿರುಬೆರಳು ಎಂದೊಡನೆ ನಮ್ಮ ಜನರ ಮನಸ್ಸಿಗೆ ಬರುವ ರೋಗ ಯಾವುದೆಂದು ಹೇಳಬೇಕಾಗಿಲ್ಲ. ಪ್ರತಿದಿನ ಬೆಳಿಗ್ಗೆ ಎರಡು ಇಡ್ಲಿ, ಒಂದು ಕಾಫಿಗೆ ಬರುತ್ತಿದ್ದ ಹಳೆಯ ಗಿರಾಕಿಯೊಬ್ಬರು ಹಣವನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಇಡತೊಡಗಿದರು. ಕೆಲವು ದಿನಗಳಲ್ಲಿ ಬರುವುದನ್ನೇ ನಿಲ್ಲಿಸಿದರು. ನಾನು ಮೊದಲು ಹೋದ ಒಂದು ಚಿಕಿತ್ಸಾಲಯದಲ್ಲಿ ವೈದ್ಯರು ನನ್ನ ಕೈಯನ್ನು ಮುಟ್ಟದೆ, ಮೇಜಿನ ಆಚೆಯಿಂದಲೇ ನೋಡಿ, ಚರ್ಮರೋಗದವರಿಗೆ ಒಂದು ಚೀಟಿ ಬರೆದು, ಬಾಗಿಲಲ್ಲಿದ್ದ ಸಹಾಯಕನಿಗೆ ಕೇಳಿಸುವಂತೆ ಆ ರೋಗದ ಹೆಸರನ್ನು ಹೇಳಿದರು. ಆ ಚೀಟಿಯನ್ನು ದಾರಿಯಲ್ಲಿ ಹರಿದು ಹಾಕಿದೆ. ಮನೆಯಲ್ಲಿ ಹೇಳಲಿಲ್ಲ. ಗಲ್ಲಾವನ್ನು ತಮ್ಮನಿಗೆ ಒಪ್ಪಿಸಿದೆ. ಲೇಖನಿ ಹಿಡಿಯುವುದಕ್ಕೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಸಾಕಲ್ಲವೇ? ಉಳಿದೆರಡು ಬಾಗಿಯೇ ಇದ್ದರೂ ಬರವಣಿಗೆಗೆ ಅಡ್ಡಿಯಿಲ್ಲ. ನಾನು ಪತ್ರಿಕೆಗೆ ಬಂದ ಉಳಿದರ್ಧ ಕಾರಣ ಇದು.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋದರೆ ಈ ಲೇಖನವನ್ನು ಬರೆಯುವ ಅಧಿಕಾರ ನನಗಿಲ್ಲ. 2009ರಲ್ಲಿ ಒಂದು ಮಧ್ಯಾಹ್ನ ಇಪ್ಪತ್ತೈದರ ಪ್ರಾಯದ ಒಬ್ಬ ಯುವಕ, ನಮ್ಮದೇ ಭಾಷೆಯವನು, ಪಾತ್ರೆ ತೊಳೆಯುವ ಕೆಲಸ ಕೇಳಿಕೊಂಡು ನನ್ನ ಹೋಟೆಲಿಗೆ ಬಂದನು. ಅವನ ಬಲಗೈಯ ಎರಡು ಬೆರಳುಗಳು ಬಾಗಿದ್ದುವು. “ಸ್ವಾಮಿ, ಔಷಧ ಪೂರ್ತಿ ಮಾಡಿದ್ದೇನೆ, ಚೀಟಿ ಉಂಟು” ಎಂದು ಜೇಬಿನಿಂದ ಒಂದು ಕಾಗದ ತೆಗೆದನು. ನಾನು ಆ ಕಾಗದವನ್ನು ಓದಲಿಲ್ಲ. ನಾಲ್ಕು ಇಡ್ಲಿಗಳನ್ನು ಎಲೆಯಲ್ಲಿ ಕಟ್ಟಿಸಿ ಕೊಟ್ಟು, ಜಾಗ ಖಾಲಿಯಿಲ್ಲವೆಂದು ಕಳುಹಿಸಿಬಿಟ್ಟೆ. ಜಾಗ ಖಾಲಿಯಿತ್ತು. ಅವನು ಪೊಟ್ಟಣವನ್ನು ತೆಗೆದುಕೊಂಡನು; ಅದನ್ನು ಹಿಡಿದುಕೊಂಡ ರೀತಿ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಹನ್ನೆರಡು ವರ್ಷಗಳ ತರುವಾಯ ನಾನೂ ಪೊಟ್ಟಣವನ್ನು ಹಾಗೆಯೇ ಹಿಡಿಯತೊಡಗಿದೆ.

ಕೊನೆಗೆ ಮನೆಯವಳ ಒತ್ತಾಯದಿಂದ, ಕೈಯ ಚಿಕಿತ್ಸೆಯನ್ನೇ ವಿಶೇಷವಾಗಿ ಅಭ್ಯಾಸ ಮಾಡಿದ ಒಬ್ಬ ಡಾಕ್ಟರಮ್ಮನವರ ಬಳಿಗೆ ಹೋದೆ. ಅವರು ಮೊದಲು ಮಾಡಿದ ಕೆಲಸವೆಂದರೆ ನನ್ನ ಕೈಯನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದುಕೊಂಡದ್ದು. ಅಷ್ಟಕ್ಕೇ ನನ್ನ ಗಂಟಲು ಕಟ್ಟಿತು. “ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ ಸಾರ್” ಎಂದರು. ಇಡಲಾಗಲಿಲ್ಲ, ಬೆರಳುಗಳ ಕೆಳಗೆ ನಮ್ಮ ಪತ್ರಿಕೆಯ ಒಂದು ಕಟ್ಟು ತೂರುವಷ್ಟು ಎಡೆ ಉಳಿಯಿತು. ಈ ಸುಲಭವಾದ ಪರೀಕ್ಷೆಗೆ ಆಸ್ಟ್ರೇಲಿಯಾದ ಹ್ಯೂಸ್ಟನ್ ಎಂಬ ಶಸ್ತ್ರವೈದ್ಯರ ಹೆಸರಿದೆ. ಆಮೇಲೆ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಬೆರಳುಗಳ ತುದಿಯನ್ನು ಸವರಿ, ಮುಟ್ಟಿದ್ದು ಎಲ್ಲಿ ಎಂದು ಕೇಳಿದರು. ಎಲ್ಲವನ್ನೂ ಸರಿಯಾಗಿ ಹೇಳಿದೆ.

ಕುಷ್ಠದಲ್ಲಿ ಬೆರಳು ಬಾಗುವುದಕ್ಕೂ ಇದಕ್ಕೂ ಇರುವ ಭೇದವನ್ನು ಅವರು ವಿವರಿಸಿದರು. ಕುಷ್ಠದ ಕ್ರಿಮಿ ನರವನ್ನು ಹಾಳುಮಾಡುತ್ತದೆ. ಮೊಳಕೈಯ ಬಳಿ ಹಾದುಹೋಗುವ ನರ ಕೆಟ್ಟರೆ ಕಿರುಬೆರಳಿನ ಕಡೆ ಸ್ಪರ್ಶಜ್ಞಾನ ಹೋಗುತ್ತದೆ, ಕೈಯ ಸಣ್ಣ ಸ್ನಾಯುಗಳು ಸೊರಗುತ್ತವೆ, ಬೆರಳು ಉಗುರಿನಂತೆ ಕೊಕ್ಕೆಯಾಗುತ್ತದೆ. ಆದರೆ ಮೊದಮೊದಲು ಇನ್ನೊಬ್ಬರು ಹಿಡಿದು ನೇರ ಮಾಡಿದರೆ ನೇರವಾಗುತ್ತದೆ. ನನ್ನ ಕಾಯಿಲೆಯಲ್ಲಿ ನರಕ್ಕೂ ಬಾಧೆಯಿಲ್ಲ, ಸ್ನಾಯುವಿಗೂ ಬಾಧೆಯಿಲ್ಲ. ಅಂಗೈಯ ಚರ್ಮಕ್ಕೂ ಬೆರಳನ್ನು ಮಡಚುವ ನಾರುಗಳಿಗೂ ನಡುವೆ, ಹಾಸಿದ ಬಟ್ಟೆಯಂತೆ ಒಂದು ಗಟ್ಟಿ ಪೊರೆಯಿದೆ. ನಾವು ವಸ್ತುವನ್ನು ಬಿಗಿಯಾಗಿ ಹಿಡಿದಾಗ ಅಂಗೈಯ ಚರ್ಮವು ಜಾರದಂತೆ ಹಿಡಿದಿಡುವುದು ಅದೇ. ಆ ಪೊರೆ ದಪ್ಪವಾಗಿ, ಹುರಿಗಟ್ಟಿ, ಕುಗ್ಗುತ್ತ ಬೆರಳನ್ನು ಎಳೆದುಕೊಳ್ಳುವುದೇ ಈ ರೋಗ. ಅಂಟುವುದಲ್ಲ, ಪ್ರಾಣಕ್ಕೆ ಅಪಾಯವಾದುದೂ ಅಲ್ಲ. ಹೆಸರು ಡುಪುಯಿಟ್ರನ್ ಸಂಕೋಚ.

ಕುಷ್ಠರೋಗಿಗಳ ಕೈಯ ವಿಷಯ ಬಂದಾಗ ನಮ್ಮ ನೆರೆಯ ವೇಲೂರನ್ನು ನೆನೆಯದಿರಲಾಗದು. 1914ರಲ್ಲಿ ಇದೇ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಎಂಬ ಆಂಗ್ಲ ವೈದ್ಯರು 1946ರಲ್ಲಿ ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಆ ಕೈಗಳನ್ನು ಮುಟ್ಟಲು ಜನರು ಅಂಜುತ್ತಿದ್ದ ಕಾಲದಲ್ಲಿ, ಕೆಡದೆ ಉಳಿದಿದ್ದ ಸ್ನಾಯುವಿನ ನಾರನ್ನು ಕೆಟ್ಟ ಸ್ನಾಯುವಿನ ಸ್ಥಾನಕ್ಕೆ ಜೋಡಿಸಿ ಕೊಕ್ಕೆ ಬೆರಳುಗಳನ್ನು ಬಿಡಿಸುವ ಶಸ್ತ್ರಕ್ರಿಯೆಯನ್ನು ಅವರು ನೂರಾರು ಜನರ ಮೇಲೆ ನಡೆಸಿದರು. 1980ರ ದಶಕದಿಂದ ಕೂಡುಮದ್ದುಗಳ ಚಿಕಿತ್ಸೆ ಬಂದು, ಔಷಧವನ್ನು ಕ್ರಮವಾಗಿ ತೆಗೆದುಕೊಂಡರೆ ರೋಗ ಪೂರ್ತಿ ಗುಣವಾಗುತ್ತದೆ. ಉಳಿಯುವುದು ಬಾಗಿದ ಬೆರಳು ಮಾತ್ರ. ಆದರೂ ಕುಷ್ಠವನ್ನು ವಿವಾಹ ವಿಚ್ಛೇದನಕ್ಕೆ ಕಾರಣವೆಂದು ಹೇಳುತ್ತಿದ್ದ ವಾಕ್ಯಗಳು ನಮ್ಮ ದೇಶದ ಕಾನೂನುಗಳಿಂದ ತೆಗೆದುಹಾಕಲ್ಪಟ್ಟದ್ದು 2019ರಲ್ಲಿ. ಡಾಕ್ಟರಮ್ಮನವರು “ನಿಮಗೆ ಅದು ಅಲ್ಲ” ಎಂದಾಗ ನನಗೆ ಮಹದಾನಂದವಾಯಿತು. ಮೆಟ್ಟಿಲು ಇಳಿಯುವಾಗ ಆ ಯುವಕನ ಕಾಗದ ನೆನಪಾಗಿ ಆ ಆನಂದ ಅರ್ಧವಾಯಿತು.

ರೋಗಕ್ಕೆ ಹೆಸರು ಕೊಟ್ಟ ಡುಪುಯಿಟ್ರನ್ ಪ್ಯಾರಿಸ್ ಪಟ್ಟಣದ ಓತೆಲ್ ದ್ಯೂ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯ. (ಆ ಹೆಸರನ್ನು ಕೇಳಿ ಅದೊಂದು ಹೋಟೆಲೆಂದು ನಾನು ಸಂತೋಷಪಟ್ಟಿದ್ದೆ, ಅದರ ಅರ್ಥ ದೇವರ ಮನೆ ಎಂದಂತೆ.) 1831ರಲ್ಲಿ ದ್ರಾಕ್ಷಾಮದ್ಯದ ವ್ಯಾಪಾರಿಯೊಬ್ಬನ ಬಾಗಿದ ಬೆರಳುಗಳನ್ನು ಅವನು ಕೊಯ್ದು ಬಿಡಿಸಿ, ಅದರ ಕುರಿತು ಉಪನ್ಯಾಸ ಮಾಡಿದನು. ಆದರೆ ಕಾಯಿಲೆಯನ್ನು ಕಂಡವರಲ್ಲಿ ಅವನೇ ಮೊದಲಿಗನಲ್ಲ. 1614ರಲ್ಲಿಯೇ ಸ್ವಿಟ್ಜರ್ಲೆಂಡಿನ ಬಾಸೆಲಿನ ಫೆಲಿಕ್ಸ್ ಪ್ಲಾಟರ್ ಎಂಬವರು ಒಬ್ಬ ಕಲ್ಲುಕುಟಿಗನ ಬೆರಳುಗಳ ವಿಷಯ ಬರೆದಿದ್ದರು. 1777ರಲ್ಲಿ ಲಂಡನಿನ ಹೆನ್ರಿ ಕ್ಲೈನ್ ಶವದ ಕೈಯನ್ನು ಬಿಡಿಸಿ ನೋಡಿ, ಕೆಟ್ಟಿರುವುದು ನಾರಲ್ಲ, ಪೊರೆ ಎಂದು ಕಂಡುಕೊಂಡರು. ಅವರ ಶಿಷ್ಯ ಆಸ್ಟ್ಲಿ ಕೂಪರ್, ಸಣ್ಣ ಅಲಗನ್ನು ಚರ್ಮದ ಅಡಿಗೆ ತೂರಿಸಿ ಹುರಿಯನ್ನು ಕತ್ತರಿಸಬಹುದೆಂದು 1822ರಲ್ಲಿ ಬರೆದರು. ಹೆಸರು ಮಾತ್ರ ಡುಪುಯಿಟ್ರನ್ನನಿಗೆ ಹೋಯಿತು. ಅಡುಗೆ ಮಾಡಿದವರು ಒಬ್ಬರು, ಬೋರ್ಡಿನಲ್ಲಿ ಹೆಸರು ಇನ್ನೊಬ್ಬರದು. ನಮ್ಮ ಉದ್ಯಮದಲ್ಲಿಯೂ ಇದು ಹೊಸತಲ್ಲ.

ಯುರೋಪಿನ ಉತ್ತರ ಭಾಗದ ಜನರಲ್ಲಿ ಈ ಕಾಯಿಲೆ ಬಹಳ, ನಮ್ಮವರಲ್ಲಿ ವಿರಳ. ಬ್ರಿಟನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ 1986ರಲ್ಲಿಯೂ, ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ 1989ರ ಜನವರಿಯಲ್ಲಿಯೂ ಇದಕ್ಕಾಗಿ ಶಸ್ತ್ರಕ್ರಿಯೆ ಮಾಡಿಸಿಕೊಂಡಿದ್ದರು. ಈ ವಾರ್ತೆಯನ್ನು ಮನೆಯಲ್ಲಿ ಹೇಳಿದಾಗ ಮನೆಯವಳು, “ಕಾಯಿಲೆಯಲ್ಲಾದರೂ ದೊಡ್ಡವರ ಸಾಲಿಗೆ ಸೇರಿದಿರಲ್ಲ” ಎಂದಳು.

ನನಗೆ ಹೇಗೆ ಬಂತು? ಇಷ್ಟು ವರ್ಷ ಸೌಟು ಹಿಡಿದುದರಿಂದ, ಹಿಟ್ಟಿನ ಪಾತ್ರೆ ಎತ್ತಿದುದರಿಂದ ಬಂತೆಂದು ನನ್ನ ವಾದ. ದುಡಿಮೆಯ ಗುರುತೆಂದು ಹೇಳಿಕೊಳ್ಳಲು ಒಂದು ಬಗೆಯ ಗೌರವವೂ ಉಂಟಷ್ಟೆ. ಡುಪುಯಿಟ್ರನ್ನನೂ ಸಾರೋಟಿನ ಚಾಲಕನ ಚಾಟಿಯ ಹಿಡಿಯೇ ಕಾರಣವೆಂದು ನಂಬಿದ್ದನಂತೆ. ಡಾಕ್ಟರಮ್ಮನವರು ತಲೆಯಾಡಿಸಿದರು. ಭಾರದ ದುಡಿಮೆ, ನಡುಗುವ ಯಂತ್ರಗಳನ್ನು ಹಿಡಿಯುವ ಕೆಲಸ ಇವು ಒಂದಿಷ್ಟು ಸೇರಿರಬಹುದು. ಆದರೆ ಮುಖ್ಯವಾದುದು ವಂಶ ಎಂದರು. “ಮನೆಯಲ್ಲಿ ಹಿರಿಯರಿಗೆ ಯಾರಿಗಾದರೂ ಇತ್ತೇ?” ಎಂದು ಕೇಳಿದಾಗ ನಮ್ಮ ದೊಡ್ಡಪ್ಪನವರ ಎಡಗೈ ಕಣ್ಣಿಗೆ ಬಂತು. ಊರಿನಲ್ಲಿ ಅದನ್ನು ವಾತವೆಂದು ಹೇಳಿ ಎಣ್ಣೆ ತಿಕ್ಕುತ್ತಿದ್ದರು. ಇನ್ನು ಮಧುಮೇಹ. ನನಗೆ ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಅದು ಇದ್ದವರಿಗೆ ಈ ಸಂಕೋಚ ಬರುವ ಸಂಭವ ಹೆಚ್ಚು. ಧೂಮಪಾನ, ಮದ್ಯಪಾನ ಇವೂ ಪಟ್ಟಿಯಲ್ಲಿವೆ. ಹೋಟೆಲಿನವನು ದಿನಕ್ಕೆ ಹತ್ತು ಸಲ ಅರ್ಧರ್ಧ ಲೋಟ ಕಾಫಿಯ ರುಚಿ ನೋಡುತ್ತ, ಉಳಿದ ಮೈಸೂರುಪಾಕಿನ ಚೂರು ಬಾಯಿಗೆ ಹಾಕಿಕೊಳ್ಳುತ್ತ, ಕುಳಿತಲ್ಲಿಯೇ ಕುಳಿತು ಗಳಿಸುವ ರೋಗ ಅದು. ಆಗ ನನ್ನ ದುಡಿಮೆಯ ಗೌರವವು ಸ್ವಲ್ಪ ಇಳಿಯಿತು.

ಚಿಕಿತ್ಸೆಗೆ ಎರಡು ದಾರಿಗಳನ್ನು ಮುಂದಿಟ್ಟರು. ಒಂದು, ಅಂಗೈಯನ್ನು ಕೊಯ್ದು ಕೆಟ್ಟ ಪೊರೆಯನ್ನು ತೆಗೆಯುವ ಶಸ್ತ್ರಕ್ರಿಯೆ. ಗಾಯ ಮಾಗಿ ಕೈ ಕೆಲಸಕ್ಕೆ ಬರಲು ವಾರಗಟ್ಟಲೆ ಬೇಕು. ಇನ್ನೊಂದು, ಸೂಜಿಯ ಮೊನೆಯಿಂದ ಹುರಿಯನ್ನು ಅಲ್ಲಲ್ಲಿ ಕಡಿದು ಬೆರಳನ್ನು ಎಳೆದು ಬಿಡಿಸುವುದು. ಕೂಪರನ ಹಳೆಯ ಉಪಾಯವನ್ನೇ 1970ರ ದಶಕದಲ್ಲಿ ಪ್ಯಾರಿಸಿನ ಲೆರ್ಮುಸಿಯೋ ಮೊದಲಾದ ಸಂಧಿವಾತ ವೈದ್ಯರು ಅಲಗಿನ ಬದಲು ಸಾಧಾರಣ ಚುಚ್ಚುಮದ್ದಿನ ಸೂಜಿಯಿಂದ ಮಾಡಿ ತೋರಿಸಿದರು. ಹುರಿಯನ್ನು ಕರಗಿಸುವ ಒಂದು ಚುಚ್ಚುಮದ್ದಿಗೆ 2010ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಯುರೋಪಿನ ಮಾರುಕಟ್ಟೆಯಿಂದ ಅದನ್ನು ಕಂಪೆನಿಯವರು ಕೆಲವು ವರ್ಷಗಳ ತರುವಾಯ ಹಿಂತೆಗೆದುಕೊಂಡರು. ನನ್ನ ವಿಷಯದಲ್ಲಿ ಆ ಮಾತು ಬರಲಿಲ್ಲ. ನಾನು ಸೂಜಿಯನ್ನು ಆರಿಸಿದೆ. ಧೈರ್ಯದಿಂದಲ್ಲ, ಕತ್ತಿಯ ಭಯದಿಂದ.

ಆ ದಿನ ಬೆಳಿಗ್ಗೆ ತಿಂಡಿ ತಿಂದೇ ಹೋದೆ. ಮೂರ್ಛೆಯ ಔಷಧವಿಲ್ಲ, ಆಸ್ಪತ್ರೆಯಲ್ಲಿ ಮಲಗುವುದೂ ಇಲ್ಲ. ಅಂಗೈ ಮೇಲಾಗಿ ಕೈಯನ್ನು ಒಂದು ಪುಟ್ಟ ಮೇಜಿನ ಮೇಲಿಟ್ಟು, ಚರ್ಮದಲ್ಲಿ ಮಾತ್ರ ಮರಗಟ್ಟಿಸುವ ಮದ್ದನ್ನು ಅಲ್ಲಲ್ಲಿ ತೊಟ್ಟು ತೊಟ್ಟಾಗಿ ಹಾಕಿದರು. ಪೂರ್ತಿ ಬೆರಳನ್ನು ಯಾಕೆ ಮರಗಟ್ಟಿಸುವುದಿಲ್ಲವೆಂದು ಕೇಳಿದೆ. ಹುರಿಯ ಪಕ್ಕದಲ್ಲಿಯೇ ಬೆರಳಿನ ನರಗಳಿವೆ. ಸೂಜಿ ನರದ ಹತ್ತಿರ ಹೋದರೆ ಬೆರಳಿನ ತುದಿಗೆ ಮಿಂಚು ಹೊಡೆದಂತಾಗುತ್ತದೆ. ಆಗ ರೋಗಿ ಕೂಡಲೇ ಹೇಳಬೇಕು. ಹೇಳಬೇಕಾದರೆ ಬೆರಳಿಗೆ ಎಚ್ಚರವಿರಬೇಕು. ಅಂದರೆ ರೋಗಿಯೇ ಕಾವಲುಗಾರ. ಬೆರಳನ್ನು ನಡುನಡುವೆ ಮಡಚಿ ಬಿಡಿಸಲು ಹೇಳುತ್ತಿದ್ದರು. ಸೂಜಿ ನಾರನ್ನು ಹೊಕ್ಕಿಲ್ಲವೆಂದು ತಿಳಿಯುವುದಕ್ಕಾಗಿ. ಸೂಜಿಯ ಮೊನೆ ಹುರಿಯನ್ನು ಕೆರೆಯುವ ಸದ್ದು ಕೇಳಿಸಿತೋ, ಕೈಯಲ್ಲಿ ತಿಳಿಯಿತೋ ಹೇಳಲಾರೆ. ತೆಂಗಿನ ಗರಿಯ ಕಡ್ಡಿಯನ್ನು ಬಾಚಿಯಲ್ಲಿ ಕೆರೆದಂತೆ. ಎರಡು ಸಲ ಮಿಂಚು ಹೊಡೆಯಿತು, ಎರಡು ಸಲವೂ ಕೂಗಿದೆ, ಅವರು ಸೂಜಿಯನ್ನು ಹಿಂದಕ್ಕೆ ತೆಗೆದರು. ಕೊನೆಗೆ ಬೆರಳನ್ನು ಹಿಡಿದು ಮೆಲ್ಲನೆ ಎಳೆದರು. ಒಣಗಿದ ಹಪ್ಪಳ ಮುರಿದಂತೆ ಒಂದು ಸದ್ದು. ಉಂಗುರ ಬೆರಳು ನೇರವಾಯಿತು. ಏಳು ವರ್ಷಗಳ ಗಂಟು, ಅರ್ಧ ಗಂಟೆಯ ಕೆಲಸ. ಕಿರುಬೆರಳು ಅಷ್ಟು ವಿಧೇಯವಾಗಿರಲಿಲ್ಲ. ಬುಡದ ಗೆಣ್ಣಿನಲ್ಲಿ ಬಾಗಿದ್ದು ಸುಲಭವಾಗಿ ಬಿಡಿಸಿಕೊಳ್ಳುತ್ತದೆ, ನಡುಗೆಣ್ಣಿನಲ್ಲಿ ಬಾಗಿದ್ದು ಅಷ್ಟಾಗಿ ಬರುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ಹಾಗೆಯೇ ಆಯಿತು.

ಚಿಕಿತ್ಸೆಗಿಂತ ಆಮೇಲಿನ ದಿನಗಳ ಕಥೆಯೇ ದೊಡ್ಡದು. ಎರಡು ದಿನ ಕೈಯನ್ನು ಎದೆಗಿಂತ ಎತ್ತರದಲ್ಲಿ ಇರಿಸಿಕೊಳ್ಳಬೇಕು. ಸಭೆಯಲ್ಲಿ ಪ್ರಶ್ನೆ ಕೇಳಲು ಎದ್ದವನಂತೆ ಮನೆಯಲ್ಲೆಲ್ಲ ತಿರುಗಾಡಿದೆ. ಊದಿತ್ತು, ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟರೆ ತಗ್ಗುತ್ತಿತ್ತು. ಅಂಗೈ ಹಣ್ಣಾದ ನೇರಳೆಯ ಬಣ್ಣಕ್ಕೆ ತಿರುಗಿತು. ಕಿರುಬೆರಳಿನ ಬುಡದಲ್ಲಿ ಗಿಡ್ಡವಾಗಿದ್ದ ಚರ್ಮ ಎಳೆತಕ್ಕೆ ಒಂದು ಕಡೆ ಬಿರಿದಿತ್ತು. ಇದು ಆಗುವುದುಂಟು, ತಾನಾಗಿಯೇ ಕೂಡಿಕೊಳ್ಳುತ್ತದೆ, ಆದರೆ ಸಕ್ಕರೆಯಿರುವವರು ಎಚ್ಚರಿಕೆಯಿಂದ ಒಣಗಿಸಿಟ್ಟುಕೊಳ್ಳಬೇಕೆಂದು ಹೇಳಿದ್ದರು. ಉಂಗುರ ಬೆರಳಿನ ಒಂದು ಪಕ್ಕ ಎರಡು ವಾರ ಮರಗಟ್ಟಿದಂತಿತ್ತು. ಆ ಹದಿನಾಲ್ಕು ದಿನಗಳಲ್ಲಿ ಪ್ರತಿ ರಾತ್ರಿ ಎಡಗೈಯಿಂದ ಆ ಜಾಗವನ್ನು ಮುಟ್ಟಿ ನೋಡುತ್ತಿದ್ದೆ. ಸ್ಪರ್ಶವಿಲ್ಲದಿರುವುದು ಹೇಗಿರುತ್ತದೆಂದು ಆಗ ಒಂದು ಅಂಗುಲದಷ್ಟು ನನಗೆ ತಿಳಿಯಿತು. ಹದಿನೈದನೆಯ ದಿನದ ಹೊತ್ತಿಗೆ ಇರುವೆ ಹರಿದಂತಾಗಿ ಜ್ಞಾನ ಮರಳಿತು.

ಐದನೆಯ ದಿನ ಒಂದು ಅವಿವೇಕ ಮಾಡಿದೆ. ಒಂದು ವಾರ ಭಾರ ಎತ್ತಬಾರದು, ಬಿಗಿಯಾಗಿ ಹಿಡಿಯಬಾರದೆಂದು ಕಟ್ಟಪ್ಪಣೆಯಿತ್ತು. ಬೆಳಗಿನ ಜಾವ ಪತ್ರಿಕೆಯ ಕಟ್ಟುಗಳನ್ನು ಎತ್ತುವ ಹುಡುಗ ಬಂದಿರಲಿಲ್ಲ. ಕೋಯಂಬೇಡಿನ ಬಸ್ಸಿಗೆ ಹೊತ್ತಾಗುತ್ತಿತ್ತು. ಒಂದೇ ಕಟ್ಟು ತಾನೆ ಎಂದು ಹಗ್ಗಕ್ಕೆ ಕೈ ಹಾಕಿದೆ. ಬಿರಿದ ಚರ್ಮ ಮತ್ತೆ ಬಿರಿದು, ಮೊದಲ ಪುಟವೆಲ್ಲ ರಕ್ತ. ಆ ಕಟ್ಟಿನ ಮೇಲಿನ ಮೂರು ಪ್ರತಿಗಳನ್ನು ಎಸೆದೆವು. ಹತ್ತು ದಿನಗಳಲ್ಲಿ ಮಾಗಬೇಕಾದ ಗಾಯ ಇಪ್ಪತ್ತೈದು ದಿನ ಹಿಡಿಯಿತು. ಡಾಕ್ಟರಮ್ಮನವರು ಗದರಿಸಲಿಲ್ಲ, ರಕ್ತದ ಸಕ್ಕರೆಯನ್ನು ಮತ್ತೆ ಪರೀಕ್ಷಿಸಲು ಚೀಟಿ ಬರೆದರು. ಅದು ಗದರಿಕೆಗಿಂತ ಹೆಚ್ಚು ಚುರುಕಾಗಿತ್ತು.

ರಾತ್ರಿಯ ಹೊತ್ತು ಬೆರಳುಗಳನ್ನು ನೇರವಾಗಿ ಹಿಡಿದಿಡುವ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಕೈಯ ಅಳತೆಗೆ ಬಿಸಿ ಮಾಡಿ ಬಾಗಿಸಿ ಕೊಟ್ಟರು. ಮೂರು ತಿಂಗಳು ಕಟ್ಟಿಕೊಳ್ಳಬೇಕು. ಇದರಿಂದ ಪ್ರಯೋಜನವೆಷ್ಟು ಎಂಬುದರಲ್ಲಿ ವೈದ್ಯರೊಳಗೇ ಭಿನ್ನಾಭಿಪ್ರಾಯವಿದೆಯೆಂದು ಅವರೇ ಒಪ್ಪಿಕೊಂಡರು. ಆ ಪ್ರಾಮಾಣಿಕತೆ ನನಗೆ ಮೆಚ್ಚಿಗೆಯಾಯಿತು. ಹಗಲಿನಲ್ಲಿ ಗಂಟೆಗೊಮ್ಮೆ ಮುಷ್ಟಿ ಕಟ್ಟಿ ಬಿಡಿಸುವ ಅಭ್ಯಾಸ. ವ್ಯಾಯಾಮ ಹೇಳಿಕೊಡುವ ಹುಡುಗಿ ಒಂದು ಮೆತ್ತನೆಯ ಮುದ್ದೆಯನ್ನು ಕೊಟ್ಟು ಹಿಸುಕಲು ಹೇಳಿದಳು. ಅದಕ್ಕಿಂತ ಚಪಾತಿ ಹಿಟ್ಟು ಒಳ್ಳೆಯದೆಂದು ಹೇಳಿದೆ. ಅವಳು ನಕ್ಕು ಒಪ್ಪಿದಳು. ಹೀಗೆ ನಾಲ್ಕು ವರ್ಷಗಳ ಮೇಲೆ ನಾನು ಮತ್ತೆ ಹಿಟ್ಟಿಗೆ ಕೈ ಹಾಕಿದೆ. ಎಣ್ಣೆ ತಿಕ್ಕಿ, ಬಲವಾಗಿ ಜಗ್ಗಿ ಗುಣಪಡಿಸುತ್ತೇವೆನ್ನುವವರ ಬಳಿಗೆ ಮಾತ್ರ ಈ ಕಾಯಿಲೆಯವರು ಹೋಗಬಾರದು. ನಾನು ಹೋಗಿ ಊದಿಸಿಕೊಂಡು ಬಂದವನು.

ಎಡಗೈಯಲ್ಲಿ ಸಹಿ ಹಾಕಿದ ಚೆಕ್ಕನ್ನು ಒಂದು ಬ್ಯಾಂಕು ಹಿಂದಕ್ಕೆ ಕಳುಹಿಸಿತು. ನೇರವಾದ ಬೆರಳುಗಳಿಂದ ಹಾಕಿದ ಸಹಿಯೂ ಹಳೆಯ ಸಹಿಯಂತಿಲ್ಲವೆಂದು ಮತ್ತೊಮ್ಮೆ ಕಳುಹಿಸಿತು. ಅದರ ವಿವರ ಇಲ್ಲಿ ಬೇಡ.

ಇದು ಶಾಶ್ವತವೋ ಎಂದು ಕೇಳುವವರಿಗೆ ಉತ್ತರವನ್ನು ಮರೆಮಾಡಲಾರೆ. ನೆದರ್ಲೆಂಡಿನಲ್ಲಿ ಎರಡು ವಿಧಾನಗಳನ್ನೂ ಹೋಲಿಸಿ, ಐದು ವರ್ಷ ಕಾದು, 2012ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಸೂಜಿಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಸಂಕೋಚ ಮರುಕಳಿಸಿತ್ತು. ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 21 ಮಂದಿಗೆ. ಹಾಗಿದ್ದರೂ ಹಲವರು ಮರುಕಳಿಸಿದಾಗ ಸೂಜಿಯನ್ನೇ ಮತ್ತೊಮ್ಮೆ ಇಚ್ಛಿಸುತ್ತಾರಂತೆ. ಯಾಕೆಂದರೆ ಸೂಜಿಯು ಹುರಿಯನ್ನು ಕಡಿಯುತ್ತದೆ, ತೆಗೆದುಹಾಕುವುದಿಲ್ಲ. ತಿಳಿದೇ ಆರಿಸಿದ್ದೇನೆ. ಐದು ವರ್ಷ ಎಂಬುದು ಹೋಟೆಲಿನವನ ಲೆಕ್ಕದಲ್ಲಿ ಸಣ್ಣ ಗುತ್ತಿಗೆಯಲ್ಲ.

ನಮ್ಮ ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗಾಗಿ ಒಂದು ಮಾತು. ಕೈಗೆ ಏನಾದರೂ ಆದರೆ, ಅದು ಯಂತ್ರಕ್ಕೆ ಸಿಕ್ಕಿದ್ದಾಗಲಿ, ಬಾಗಿದ್ದಾಗಲಿ, ಜೋಮು ಹಿಡಿದದ್ದಾಗಲಿ, ಅಡಗಿಸಬೇಡಿ. ಈ ಪಟ್ಟಣದ ಸರಕಾರಿ ಸ್ಟಾನ್ಲಿ ಆಸ್ಪತ್ರೆಯಲ್ಲಿ ಕೈಗಾಗಿಯೇ ಒಂದು ಪ್ರತ್ಯೇಕ ಸಂಸ್ಥೆಯಿದೆ, ಡಾಕ್ಟರ್ ಆರ್. ವೆಂಕಟಸ್ವಾಮಿಯವರು ಕಟ್ಟಿ ಬೆಳೆಸಿದ್ದು. ಬಡವರು ಅಲ್ಲಿಗೆ ಹೋಗಬಹುದು. ಹಳೆಯ ಜನರು ಆ ಆಸ್ಪತ್ರೆಯನ್ನು ಇಂದಿಗೂ ಗಂಜಿತೊಟ್ಟಿ ಆಸ್ಪತ್ರೆಯೆಂದೇ ಕರೆಯುತ್ತಾರೆ. 1780ರ ದಶಕದ ಕ್ಷಾಮದಲ್ಲಿ ಹಸಿದವರಿಗೆ ಗಂಜಿ ಹಂಚಿದ ಮಣೆಗಾರರ ಛತ್ರದಿಂದ ಬೆಳೆದು ಬಂದ ಆಸ್ಪತ್ರೆ ಅದು. ಅನ್ನ ಹಾಕಿದ ಜಾಗದಲ್ಲಿಯೇ ಕೈಗಳನ್ನು ರಿಪೇರಿ ಮಾಡುತ್ತಿರುವರೆಂದು ತಿಳಿದಾಗ ಹೋಟೆಲಿನವನಾದ ನನಗೆ ಏನೋ ಒಂದು ಸಮಾಧಾನವಾಯಿತು.

ತಮ್ಮನ ಹೋಟೆಲಿನಲ್ಲಿ ಈಗ ಪಾತ್ರೆಗೆ ಒಂದು ಜಾಗ ಖಾಲಿಯಿದೆ. ಬೆರಳು ಬಾಗಿದವರು ಬಂದರೆ ಅವರ ಚೀಟಿಯನ್ನು ಓದಬೇಕೆಂದು ಹೇಳಿದ್ದೇನೆ. ಅವನು, “ಆಯಿತಣ್ಣ” ಎಂದನು. 2009ರ ಆ ಯುವಕನಿಗೆ ಈಗ ನಲವತ್ತು ದಾಟಿರಬೇಕು. ಅವನು ಎಲ್ಲಿರುವನೋ, ಈ ಪತ್ರಿಕೆಯನ್ನು ಓದುವವನೋ ಅಲ್ಲವೋ.

ಮೊನ್ನೆ ಸೋಮವಾರ ಮೂರು ತಿಂಗಳು ತುಂಬಿತು. ಡಾಕ್ಟರಮ್ಮನವರ ಮೇಜಿನ ಮೇಲೆ ಅಂಗೈಯನ್ನು ಇರಿಸಿದೆ. ಉಂಗುರ ಬೆರಳು ಮೇಜಿಗೆ ತಾಗಿತು. ಕಿರುಬೆರಳಿನ ಅಡಿಯಲ್ಲಿ ನಾಲ್ಕು ಮಡಿಕೆ ಮಾಡಿದ ಪತ್ರಿಕೆಯ ಹಾಳೆಯೊಂದು ತೂರುವಷ್ಟು ಎಡೆಯಿದೆ. ಅದು ಹೆಚ್ಚಾದರೆ ಬನ್ನಿ ಎಂದಿದ್ದಾರೆ. ಎದ್ದು ನಿಂತು ಕೈ ಜೋಡಿಸಿದೆ. ನಡುವೆ ಈಗ ನಿಂಬೆಹಣ್ಣಿಲ್ಲ, ಒಂದು ನೆಲಗಡಲೆಯಷ್ಟೇ. ಹಾಗೆ ಜೋಡಿಸುವಾಗ ಎಡ ಅಂಗೈಯಲ್ಲಿ, ಉಂಗುರ ಬೆರಳಿನ ಬುಡದ ಕೆಳಗೆ, ಬಲಗೈಯ ಬೆರಳಿಗೆ ಏನೋ ಹೆಸರುಕಾಳಿನಷ್ಟು ಗಟ್ಟಿಯಾದದ್ದು ತಾಗಿತು. ಅವರಿಗೆ ತೋರಿಸಿದೆ. ಮುಟ್ಟಿ ನೋಡಿ, ನೋಟು ಪುಸ್ತಕದಲ್ಲಿ ತಾರೀಕು ಹಾಕಿ ಬರೆದುಕೊಂಡರು.